ನಾದಸಾಧನೆಯೂ ನಗರವಾಸವೂ

ವಿದ್ಯೆಗಳಲ್ಲೆಲ್ಲ ಸುಕುಮಾರವಾದದ್ದು ಸಂಗೀತವೆಂದು ಲೋಕವು ಬಗೆಯುತ್ತದೆ. ಆದರೆ ಅದನ್ನು ಸಾಧಿಸಹೊರಟವರಿಗೆ ಅದರಷ್ಟು ಕಠಿಣವಾದ ವ್ರತ ಬೇರೊಂದಿಲ್ಲ. ವ್ಯಾಕರಣವನ್ನೋ ತರ್ಕವನ್ನೋ ಓದುವವನು ಒಂದು ಗ್ರಂಥವನ್ನು ಮುಗಿಸಿ ಬದಿಗಿಡಬಹುದು. ನಿನ್ನೆ ಕಲಿತ ಸೂತ್ರ ಇಂದೂ ಸೂತ್ರವೇ ಆಗಿರುತ್ತದೆ. ಸಂಗೀತಗಾರನಿಗೆ ಆ ಸೌಕರ್ಯವಿಲ್ಲ. ನಿನ್ನೆ ಶ್ರುತಿಗೆ ಸೇರಿದ ಷಡ್ಜವು ಇಂದು ಬೆಳಗ್ಗೆ ಮತ್ತೆ ಸೇರಬೇಕು, ನಾಳೆಯೂ ಸೇರಬೇಕು. ನಾಲ್ಕು ದಿನ ಬಿಟ್ಟರೆ ಕಂಠವು ಸಾಲಗಾರನನ್ನು ಕಂಡ ಸಾಹುಕಾರನಂತೆ ಮುಖ ಗಂಟಿಕ್ಕುತ್ತದೆ. ಇಂತಹ ವಿದ್ಯೆಯನ್ನು ಹುಟ್ಟಿದೂರಿನ ನೆರಳಿನಲ್ಲಿ ಸಾಧಿಸುವುದೇ ಕಷ್ಟವಾಗಿರುವಾಗ, ಮಹಾನಗರದ ಗದ್ದಲದ ನಡುವೆ ಸಾಧಿಸುವವರ ಪಾಡೇನು ಎಂಬುದು ಶಿಕ್ಷಕರೂ ಪೋಷಕರೂ ದಾನಿಗಳೂ ಕೂಡಿ ವಿಚಾರ ಮಾಡಬೇಕಾದ ವಿಷಯ.

ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲ್ಲೂಕಿನ ಬೆಳ್ಳಾರೆಯನ್ನೇ ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಇದು ಇತಿಹಾಸದಲ್ಲಿ ಹೆಸರು ಪಡೆದ ಊರು. 1837ರ ಅಮರಸುಳ್ಯ ದಂಗೆಯಲ್ಲಿ ಬಂಡೆದ್ದ ರೈತರು ವಶಪಡಿಸಿಕೊಂಡದ್ದು ಬೆಳ್ಳಾರೆಯಲ್ಲಿದ್ದ ಕುಂಪಣಿ ಸರಕಾರದ ಖಜಾನೆಯನ್ನು. ಅಡಕೆಯ ತೋಟ, ಗುಡ್ಡ, ತೋಡುಗಳ ನಡುವಣ ಈ ಸೀಮೆಯಲ್ಲಿ ನಾದಕ್ಕೆ ಬಡತನವಿಲ್ಲ. ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ ಮೊದಲಾದ ಹಲವು ನುಡಿಗಳ ಏರಿಳಿತ ಕಿವಿಗೆ ಬೀಳುತ್ತದೆ. ಭಜನಾ ಮಂದಿರದ ತಾಳ, ತಾಳಮದ್ದಳೆಯ ಭಾಗವತರ ಕಂಠ, ಇರುಳಿನ ಯಕ್ಷಗಾನದ ಚೆಂಡೆ, ಪಾಡ್ದನದ ಎಳೆ, ಆಟಿ ತಿಂಗಳ ಮಳೆಯ ಏಕಶ್ರುತಿ, ಇವೆಲ್ಲ ಮಗುವಿನ ಕಿವಿಯನ್ನು ಪಾಠಕ್ಕೆ ಮೊದಲೇ ಹದಗೊಳಿಸಿಬಿಡುತ್ತವೆ. ಅಲ್ಲಿ ಬೆಳೆದ ಹೆಣ್ಣುಮಗಳೊಬ್ಬಳು ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಮುಗಿಸಿ, ವಿದ್ವತ್ತಿನ ಮಟ್ಟಕ್ಕೆ ಏರಬೇಕೆಂಬ ಹಂಬಲದಿಂದ ಘಟ್ಟ ಹತ್ತಿ ಬೆಂಗಳೂರಿಗೆ ಹೊರಡುತ್ತಾಳೆಂದು ಭಾವಿಸೋಣ. ಇಂತಹ ಮಕ್ಕಳು ಕರಾವಳಿಯಿಂದ ಮಾತ್ರವಲ್ಲ, ಮಲೆನಾಡಿನಿಂದಲೂ ಬಯಲುಸೀಮೆಯಿಂದಲೂ ವರ್ಷವರ್ಷವೂ ಹೊರಡುತ್ತಾರೆ.

ನಗರದಲ್ಲಿ ಅವಳಿಗೆ ದೊರೆಯುವುದು ನಾಲ್ವರು ಹಂಚಿಕೊಂಡ ಒಂದು ಕೋಣೆ. ಗುರುಗಳ ಮನೆಗೆ ಎರಡು ಬಸ್ಸು ಬದಲಿಸಿ ಹೋಗಬೇಕು. ಪಾಠ ವಾರಕ್ಕೆ ಎರಡು ದಿನ; ಉಳಿದ ದಿನಗಳಲ್ಲಿ ಹೊಟ್ಟೆಪಾಡಿಗೆ ಒಂದು ಕೆಲಸ ಅಥವಾ ಮಕ್ಕಳಿಗೆ ಮನೆಪಾಠ. ಬ್ರಾಹ್ಮೀ ಮುಹೂರ್ತದಲ್ಲಿ ಮಂದ್ರಸ್ಥಾಯಿಯ ಸಾಧನೆ ಮಾಡಬೇಕೆಂದು ಗುರುಗಳು ಹೇಳುತ್ತಾರೆ. ಆ ಹೊತ್ತಿಗೆ ದನಿ ತೆಗೆದರೆ ಪಕ್ಕದ ಮಂಚದವಳ ನಿದ್ದೆ ಕೆಡುತ್ತದೆ, ಗೋಡೆಯಾಚೆಯವರು ಮನೆಯೊಡೆಯನಿಗೆ ದೂರು ಕೊಡುತ್ತಾರೆ. ಊರಿನಲ್ಲಿ ಅವಳ ಹಾಡಿಗೆ ತೋಟವೇ ಸಭೆಯಾಗಿತ್ತು. ನಗರದಲ್ಲಿ ಹಾಡಲು ಎಂಟಡಿ ಜಾಗವಿಲ್ಲ. ಇದರ ಮೇಲೆ ಕೈಯಲ್ಲಿರುವ ಮೊಬೈಲು ಸಮವಯಸ್ಕರ ವೇದಿಕೆಗಳನ್ನೂ ಅವರಿಗೆ ಬಿದ್ದ ಚಪ್ಪಾಳೆಗಳನ್ನೂ ಹಗಲಿರುಳೂ ತೋರಿಸುತ್ತದೆ. ಮೂರನೆಯ ವರ್ಷದಲ್ಲೋ ನಾಲ್ಕನೆಯ ವರ್ಷದಲ್ಲೋ ಅವಳು ಸದ್ದಿಲ್ಲದೆ ಸಂಗೀತವನ್ನು ಬಿಡುತ್ತಾಳೆ. ಪ್ರತಿಭೆ ಸಾಲದೆ ಬಿಟ್ಟಳೆಂದು ಜನ ತಿಳಿಯುತ್ತಾರೆ. ಅನೇಕ ವೇಳೆ ಬತ್ತಿದ್ದು ಪ್ರತಿಭೆಯಲ್ಲ, ದಿನನಿತ್ಯದ ಸಂತೋಷ.

ಸಂಗೀತದ ಸಾಧಕನನ್ನು ದೂರದ ಕೀರ್ತಿಯು ಬದುಕಿಸಲಾರದು, ದಿನದಿನದ ಸಣ್ಣ ಸುಖವೇ ಬದುಕಿಸಬೇಕು ಎಂಬುದು ಈ ಲೇಖನದ ಪ್ರತಿಪಾದ್ಯ. ಹತ್ತು ವರ್ಷಗಳಾಚೆ ದೊರೆಯಬಹುದಾದ ಮನ್ನಣೆಯನ್ನು ನೆಚ್ಚಿಕೊಂಡು ಇಂದಿನ ದಿನವನ್ನು ಉಪವಾಸ ಕೆಡಹುವವನು ಆ ಹತ್ತನೆಯ ವರ್ಷವನ್ನು ಕಾಣುವುದು ದುರ್ಲಭ.

ಈ ತತ್ತ್ವ ಹೊಸದಲ್ಲ; ಶರಣರ ಚರಿತ್ರೆಯಲ್ಲಿ ಇದಕ್ಕೆ ಎರಡು ನಿದರ್ಶನಗಳುಂಟು. ಕಲ್ಯಾಣವು ಹನ್ನೆರಡನೆಯ ಶತಮಾನದ ಮಹಾನಗರ. ದೂರದೂರದ ಊರುಗಳಿಂದ ಅಲ್ಲಿಗೆ ಬಂದವರಲ್ಲಿ ಕಿನ್ನರಿ ಬೊಮ್ಮಯ್ಯನೂ ಒಬ್ಬ. ಅಕ್ಕಸಾಲೆಯ ಕಸುಬನ್ನು ಬಿಟ್ಟು, ತ್ರಿಪುರಾಂತಕೇಶ್ವರನ ಸನ್ನಿಧಿಯಲ್ಲಿ ದಿನವೂ ಕಿನ್ನರಿ ನುಡಿಸುವುದನ್ನೇ ಕಾಯಕವನ್ನಾಗಿ ಮಾಡಿಕೊಂಡು, ಬಂದುದನ್ನು ದಾಸೋಹಕ್ಕೆ ಸಲ್ಲಿಸಿದನೆಂದು ಚರಿತ್ರೆಗಳು ಹೇಳುತ್ತವೆ. ಕೇಳುವವರು ಎಷ್ಟು ಮಂದಿ ಎಂದು ಅವನು ಎಣಿಸಿದಂತೆ ತೋರುವುದಿಲ್ಲ. ನುಡಿಸುವುದು ನಿತ್ಯದ ಕಾಯಕವಾದ ಮೇಲೆ ಅದರ ಸುಖವೂ ನಿತ್ಯದ್ದೇ ಆಯಿತು.

ಎರಡನೆಯದು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ. ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ, ಅಂದಿಗೆ ಬೇಕಾದುದಕ್ಕಿಂತ ಮಿಗಿಲಾದುದನ್ನು ಹಿಂದಿರುಗಿಸಿ ಬರುವಂತೆ ಆಕೆ ಹೇಳಿದ ಕಥೆಯನ್ನು ಮಠದ ಶಾಲೆಗಳ ಮಕ್ಕಳೆಲ್ಲ ಬಲ್ಲರು. ಇದನ್ನು ಸಾಮಾನ್ಯವಾಗಿ ನಿರಾಶೆಯ, ಎಂದರೆ ಆಸೆಯನ್ನು ಗೆದ್ದ ಸ್ಥಿತಿಯ, ಪಾಠವೆಂದು ಹೇಳಿಕೊಡುತ್ತಾರೆ. ಅದು ಸರಿಯೇ. ಆದರೆ ಆ ಕಥೆಗೆ ಇನ್ನೊಂದು ಮುಖವಿದೆ. ಲಕ್ಕಮ್ಮ ಬೇಡವೆಂದದ್ದು ನಾಳೆಯ ಅಕ್ಕಿಯನ್ನು, ಇಂದಿನ ಅಕ್ಕಿಯನ್ನಲ್ಲ. ಇಂದಿನ ಅಕ್ಕಿಯನ್ನು ಇಂದೇ ಆಯಲೇಬೇಕು, ಇಂದೇ ಉಣ್ಣಬೇಕು, ಉಣ್ಣಿಸಬೇಕು. ನಾದಸಾಧಕನ ಸಂತೋಷವೂ ಹಾಗೆಯೇ. ಅದನ್ನು ಕಣಜದಲ್ಲಿ ತುಂಬಿಡಲಾಗದು. ಬೀದಿಯಲ್ಲಿ ಉದುರಿದ ಕಾಳಿನಂತೆ ದಿನವೂ ಬಾಗಿ ಆಯಬೇಕು.

ಆಧುನಿಕ ಕಾಲದ ಉದಾಹರಣೆಗಳಿಗೂ ಕೊರತೆಯಿಲ್ಲ. ಧಾರವಾಡದ ಸಮೀಪದ ಮನ್ಸೂರಿನಲ್ಲಿ 1910ರಲ್ಲಿ ಜನಿಸಿದ ಪಂಡಿತ ಮಲ್ಲಿಕಾರ್ಜುನ ಮನ್ಸೂರರು ಮೊದಲು ಮಿರಜಿನ ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತರು. ಗ್ರಾಮಫೋನ್ ತಟ್ಟೆಗಳ ಮೂಲಕ ಹೆಸರು ಬಂದ ಮೇಲೆಯೂ ತೃಪ್ತರಾಗದೆ, ಮುಂಬಯಿಯಲ್ಲಿ ಅಲ್ಲಾದಿಯಾಖಾನರ ಮಗ ಮಂಜಿಖಾನರ ಶಿಷ್ಯರಾದರು. ಹೆಸರು ಮಾಡಿದ ಗಾಯಕನು ಮತ್ತೆ ವಿದ್ಯಾರ್ಥಿಯಾಗಿ ಕುಳಿತುಕೊಳ್ಳುವುದು ಸಾಮಾನ್ಯ ಸಂಗತಿಯಲ್ಲ. ಆ ಗುರುವಿನ ಸಾನ್ನಿಧ್ಯವೂ ಬಹುಕಾಲ ದಕ್ಕಲಿಲ್ಲ. 1937ರಲ್ಲಿ ಮಂಜಿಖಾನರು ತೀರಿಕೊಂಡರು. ಅನಂತರ ಅವರ ಸೋದರ ಭೂರ್ಜಿಖಾನರಲ್ಲಿ ಶಿಷ್ಯವೃತ್ತಿ ಮುಂದುವರಿಯಿತು. ಪದ್ಮಶ್ರೀ ಪ್ರಶಸ್ತಿ ದೊರೆತದ್ದು 1970ರಲ್ಲಿ, ಪದ್ಮಭೂಷಣ 1976ರಲ್ಲಿ, ಪದ್ಮವಿಭೂಷಣ 1992ರಲ್ಲಿ. ಅದೇ ವರ್ಷ ಅವರು ಶಿವೈಕ್ಯರಾದರು. ಮಂಜಿಖಾನರ ವಿಯೋಗದಿಂದ ಮೊದಲನೆಯ ಪದ್ಮಪ್ರಶಸ್ತಿಯವರೆಗೆ ಮೂವತ್ತಮೂರು ವರ್ಷ. ಆ ವರ್ಷಗಳನ್ನು ಅವರು ಯಾವ ಬಲದಿಂದ ಹಾಡಿದರು? ಧಾರವಾಡದ ಮನೆ, ಆಕಾಶವಾಣಿಯ ಕೆಲಸ, ಶಿವಪೂಜೆ, ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಭಕ್ತಿ, ದಿನವೂ ಒಂದು ಅಪೂರ್ವ ರಾಗದೊಡನೆ ಸಂವಾದ, ಇವೇ ಅವರ ಬಂಡವಾಳ. ತಮ್ಮ ಆತ್ಮಕಥೆಗೆ ಅವರು 'ನನ್ನ ರಸಯಾತ್ರೆ' ಎಂದು ಹೆಸರಿಟ್ಟರು. ಯಾತ್ರೆಯ ಕೊನೆಯಲ್ಲಿ ರಸವಿದೆಯೆಂದಲ್ಲ. ನಡೆದ ದಾರಿಯೇ ರಸವೆಂದು ಆ ಹೆಸರಿಗೆ ಅರ್ಥ ಹೇಳಬಹುದು.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಪ್ಪ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಬಾಲಕನು ಕುಮಾರ ಗಂಧರ್ವನೆಂಬ ಬಿರುದು ಪಡೆದು, ಮುಂಬಯಿಯ ಪ್ರೊಫೆಸರ್ ದೇವಧರರ ಸಂಗೀತಶಾಲೆಯಲ್ಲಿ ಬೆಳೆದುದು ಪ್ರಸಿದ್ಧವಾಗಿದೆ. ಮಹಾನಗರವು ಕೀರ್ತಿಯನ್ನು ಕೊಟ್ಟಿತು; ಆದರೆ ಶ್ವಾಸಕೋಶದ ಕ್ಷಯವು ಆ ಕೀರ್ತಿಯ ಬಾಯಿಯನ್ನೇ ಕಟ್ಟಿತು. 1948ರಲ್ಲಿ ಅವರು ಮಧ್ಯಭಾರತದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರು ವಿಧಿಸಿದ ವರ್ಷಗಳಲ್ಲಿ ಹಾಸಿಗೆಯ ಮೇಲೆ ಮಲಗಿದ್ದ ಆ ಗಾಯಕನಿಗೆ ಉಳಿದದ್ದು ಕಿವಿ ಮಾತ್ರ. ಹಕ್ಕಿಗಳ ದನಿ, ಬೀದಿಯಲ್ಲಿ ಹಾಡಿಕೊಂಡು ಹೋಗುವವರ ಪದ, ಮಾಳವದ ಹೆಂಗಸರ ಹಾಡು, ಇವನ್ನೇ ಆಲಿಸುತ್ತ ಅವರು ಕಾಲ ಕಳೆದರು. ರೋಗ ವಾಸಿಯಾಗಿ ಮತ್ತೆ ಹಾಡಿದಾಗ ಅವರ ಸಂಗೀತ ಹೊಸ ದಿಕ್ಕನ್ನು ಹಿಡಿದಿತ್ತು. ಜಾನಪದ ಧಾಟಿಗಳಿಂದ ಹೊಸ ರಾಗಗಳೇ ಮೂಡಿದವು. ಕಂಠವನ್ನು ಕಳೆದುಕೊಂಡವನಿಗೆ ಕಿವಿಯ ಸಣ್ಣ ಸುಖವೇ ಜೀವದಾನ ಮಾಡಿತೆಂದರೆ ಅತಿಶಯೋಕ್ತಿಯಾಗದು.

ದಕ್ಷಿಣ ಕನ್ನಡದ ಮಣ್ಣಿನಿಂದಲೇ ಒಂದು ಉದಾಹರಣೆ ಬೇಕೆಂದರೆ ಕದ್ರಿ ಗೋಪಾಲನಾಥರನ್ನು ನೆನೆಯಬಹುದು. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ಅವರು ಮೈಸೂರಿನ ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನಿನ ದನಿಯನ್ನು ಕೇಳಿ ಮನಸೋತರು. ಗಮಕಕ್ಕೆ ಒಗ್ಗದ ಆ ವಿದೇಶೀ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ್ದು ಒಂದೆರಡು ವರ್ಷದ ಕೆಲಸವಲ್ಲ. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರರಲ್ಲಿ ಪಾಠ, ಅನಂತರ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಶಿಷ್ಯತ್ವ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಭವನದಲ್ಲಿ ಅವರ ವಾದನವನ್ನು ಕೇಳಿದ ಜನರಿಗೆ ಕಂಡದ್ದು ಫಲ ಮಾತ್ರ. ಒಂದು ಗಮಕವು ಲೋಹದ ಕೊಳವೆಯೊಳಗೆ ಒಲಿದ ದಿನದ ಹಿಗ್ಗು ಯಾರಿಗೂ ಕಾಣದು. ಅಂತಹ ಹಿಗ್ಗುಗಳ ಸರಣಿಯಿಲ್ಲದೆ ಯಾವನೂ ಅಷ್ಟು ದೀರ್ಘಕಾಲ ಒಂದು ಒಲ್ಲದ ವಾದ್ಯವನ್ನು ಬೆನ್ನಟ್ಟಲಾರನು.

ಹಾಗಾದರೆ ನಗರದಲ್ಲಿರುವ ಸಾಧಕನಿಗೆ ಆ ಸಣ್ಣ ಸುಖಗಳು ಎಲ್ಲಿವೆ? ಮೊದಲನೆಯದು ತಂಬೂರಿಯಲ್ಲಿಯೇ ಇದೆ. ನಾಲ್ಕು ತಂತಿಗಳನ್ನು ಪಂಚಮ, ಸಾರಣೆ, ಅನುಸಾರಣೆ, ಮಂದ್ರಗಳಾಗಿ ಕೂಡಿಸಿ, ಕುದುರೆಯ ಮೇಲಿನ ಜೀವಾಳವನ್ನು ಕೂದಲೆಳೆಯಷ್ಟು ಹಿಂದೆಮುಂದೆ ಸರಿಸಿದಾಗ, ಮಂದ್ರ ಷಡ್ಜದ ತಂತಿಯೊಳಗಿಂದ ಯಾರೂ ಮೀಟದ ಅಂತರ ಗಾಂಧಾರವು ತಾನಾಗಿ ಎದ್ದು ಬರುತ್ತದೆ. ತಂತಿಯು ಇಡಿಯಾಗಿ ಕಂಪಿಸುವಾಗಲೇ ಐದು ಭಾಗಗಳಾಗಿಯೂ ಕಂಪಿಸುವುದರಿಂದ ಹುಟ್ಟುವ ಸ್ವರ ಅದು. ಶಾಸ್ತ್ರಜ್ಞರು ಅದನ್ನು ಸ್ವಯಂಭೂ ಎನ್ನುತ್ತಾರೆ. ಒಮ್ಮೆ ಅದನ್ನು ಕೇಳಿದ ವಿದ್ಯಾರ್ಥಿ ಮರುದಿನವೂ ಅದನ್ನು ಅರಸಿಕೊಂಡು ಬೇಗ ಏಳುತ್ತಾನೆ. ಇಂದು ಶ್ರುತಿಪೆಟ್ಟಿಗೆಯೂ ತಂಬೂರಿಯೂ ಮೊಬೈಲಿನೊಳಗೆ ಬಂದಿವೆ. ಬಸ್ಸಿನಲ್ಲಿ ಓಡಾಡುವವರಿಗೆ ಅದು ಉಪಕಾರವೇ. ಆದರೆ ಕೂಡಿಸುವ ಶ್ರಮವಿಲ್ಲದೆಡೆಯಲ್ಲಿ ಕೂಡಿದ ಸುಖವೂ ಅಷ್ಟಕ್ಕಷ್ಟೆ.

ಎರಡನೆಯದು ಶ್ರವಣಸುಖ. ಈ ವಿಷಯದಲ್ಲಿ ನಗರವು ಹಳ್ಳಿಗಿಂತ ಉದಾರಿ. ಬೆಂಗಳೂರು ಗಾಯನ ಸಮಾಜವು 1905ರಿಂದಲೂ ಸಂಗೀತಕ್ಕೆ ಆಶ್ರಯವಾಗಿದೆ. 1939ರಲ್ಲಿ ಚಾಮರಾಜಪೇಟೆಯಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವವು ನಾಡಿನ ಘನವಿದ್ವಾಂಸರನ್ನೆಲ್ಲ ಕೇಳಿಸಿದೆ. ರಾಮನವಮಿಯ ದಿನಗಳಲ್ಲಿ ಬಡಾವಣೆ ಬಡಾವಣೆಯ ಗುಡಿಗಳಲ್ಲಿ ಪಾನಕ, ಕೋಸಂಬರಿಯ ಜೊತೆಗೆ ಕಚೇರಿಯೂ ಕಾಸಿಲ್ಲದೆ ದೊರೆಯುತ್ತದೆ. ಚೆನ್ನೈಯಲ್ಲಿ 1928ರಲ್ಲಿ ಸ್ಥಾಪಿತವಾದ ಸಂಗೀತ ವಿದ್ವತ್ಸಭೆಯ ಡಿಸೆಂಬರ್ ಉತ್ಸವದಲ್ಲಿ ಬೆಳಗಿನ ಉಪನ್ಯಾಸ ಪ್ರಾತ್ಯಕ್ಷಿಕೆಗಳಿಗೆ ಕುಳಿತವನು ಒಂದು ವಾರದಲ್ಲಿ ಕಲಿಯುವುದನ್ನು ಮನೆಯಲ್ಲಿ ಒಂದು ವರ್ಷ ಓದಿದರೂ ಕಲಿಯಲಾರನು. ಸಭೆಯ ಕ್ಯಾಂಟೀನಿನಲ್ಲಿ ಒಂದು ಲೋಟ ಕಾಫಿ ಹಿಡಿದು, ಮುಗಿದ ರಾಗಾಲಾಪನೆಯನ್ನು ಅಪರಿಚಿತನೊಡನೆ ಚರ್ಚಿಸುವುದೂ ವಿದ್ಯಾಭ್ಯಾಸದ ಒಂದು ಭಾಗವೇ.

ಮೂರನೆಯದು, ಹುಡುಕುವವನಿಗೆ ಮಾತ್ರ ಸಿಗುವ ಸುಖ. ಬಸ್ಸಿನ ಕಿಟಕಿಯ ಪಕ್ಕ ಕುಳಿತು ಮನಸ್ಸಿನಲ್ಲಿಯೇ ಜಂಟಿವರಸೆಯನ್ನು ಮೂರು ಕಾಲಗಳಲ್ಲಿ ತಿರುವುವುದು. ತರಕಾರಿ ಮಾರುವವನ ಕೂಗು ಯಾವ ಸ್ವರದಲ್ಲಿ ನಿಲ್ಲುತ್ತದೆಂದು ಗುರುತಿಸುವುದು. ನಸುಕಿನಲ್ಲಿ ವಾಹನಗಳ ಸದ್ದೇಳುವ ಮುನ್ನ ಕೋಗಿಲೆಯ ಏರುದನಿಗೆ ಕಿವಿಗೊಡುವುದು. ಮಳೆ ಸುರಿದ ಸಂಜೆ ಊರಿನ ಆಟಿಯನ್ನು ನೆನೆದು ಒಂದು ರಾಗವನ್ನು ಮೆಲ್ಲಗೆ ಗುನುಗುವುದು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡು ಬರುತ್ತಿದ್ದ ಸಂಗತಿ ಎಲ್ಲರಿಗೂ ತಿಳಿದದ್ದು. ಪ್ರಯಾಣವು ಸಾಧಕನಿಗೆ ಕಾಲಹರಣವಲ್ಲ. ಹೇಳಿಕೊಟ್ಟ ಸಂಗತಿಯು ಒಳಗೆ ಇಳಿಯುವುದಕ್ಕೆ ಬೇಕಾದ ಬಿಡುವು ಅದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಸಣ್ಣ ಸುಖಗಳನ್ನು ಹೊಗಳುವುದು ಬಡ ವಿದ್ಯಾರ್ಥಿಯನ್ನು ಸುಮ್ಮನಿರಿಸುವ ಉಪಾಯವಲ್ಲವೇ? ಬಾಡಿಗೆ ಕಟ್ಟಲಾಗದವಳಿಗೆ ಕೋಗಿಲೆಯ ದನಿಯನ್ನು ಕೇಳೆಂದರೆ ಅದು ಹಾಸ್ಯವಾಗದೇ? ಈ ಆಕ್ಷೇಪ ನ್ಯಾಯವಾದದ್ದು. ಹೊಟ್ಟೆ ತುಂಬಿದವನು ಹಸಿದವನಿಗೆ ತೃಪ್ತಿಯ ಉಪದೇಶ ಮಾಡುವುದು ಶರಣಧರ್ಮವಲ್ಲ. ಲಕ್ಕಮ್ಮನ ಮಾತಿಗೆ ಬೆಲೆ ಬಂದದ್ದು ಅದನ್ನು ಆಕೆ ತನ್ನ ಮನೆಗೆ ತಾನೇ ವಿಧಿಸಿಕೊಂಡದ್ದರಿಂದ. ಬೇರೊಬ್ಬರ ಅಕ್ಕಿಯನ್ನು ಕಿತ್ತು ಹೇಳಿದ್ದರೆ ಅದು ಅನ್ಯಾಯವಾಗುತ್ತಿತ್ತು. ಕಾಯಕದ ಜೊತೆಗೇ ದಾಸೋಹವನ್ನೂ ಶರಣರು ಹೇಳಿದ್ದು ಈ ಕಾರಣಕ್ಕೇ. ಸುಖವನ್ನು ಆಯುವ ಕಾಯಕ ಸಾಧಕನದು; ಆಯುವುದಕ್ಕೆ ಅಂಗಳವನ್ನು ಒದಗಿಸುವ ದಾಸೋಹ ಸಮಾಜದ್ದು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಮಾತು ಅರ್ಧವಾಗುತ್ತದೆ.

ಇನ್ನೊಂದು ಆಕ್ಷೇಪವೂ ಉಂಟು: ದಿನದ ಸುಖದಲ್ಲಿ ತೃಪ್ತನಾದವನು ಮಹತ್ತನ್ನು ಸಾಧಿಸಲಾರನೆಂದು. ಇದು ಸುಖವನ್ನೂ ಆಲಸ್ಯವನ್ನೂ ಒಂದೆಂದು ತಿಳಿದವರ ಮಾತು. ಒಂದು ಸ್ವರ ಶುದ್ಧವಾಗಿ ನಿಂತಾಗ ಹುಟ್ಟುವ ಆನಂದವು ಮುಂದಿನ ಸ್ವರವನ್ನೂ ಹಾಗೆಯೇ ನಿಲ್ಲಿಸಬೇಕೆಂಬ ಹಟವನ್ನು ಹುಟ್ಟಿಸುತ್ತದೆ. ಮನ್ಸೂರರು ಹೆಸರು ಬಂದ ಮೇಲೆಯೂ ಮತ್ತೆ ಶಿಷ್ಯರಾದದ್ದು ಈ ಹಟದಿಂದಲೇ ಎನ್ನಬೇಕು.

ಈ ಸಂಚಿಕೆಯನ್ನು ಓದುವ ಮೂರು ವರ್ಗದವರೂ ಈ ವಿಷಯದಲ್ಲಿ ಮಾಡಬಹುದಾದ ಕೆಲಸಗಳಿವೆ. ಶಿಕ್ಷಕರು ಹಾಡಿಸುವುದಕ್ಕಿಂತ ಮೊದಲು ಕೇಳಿಸಬೇಕು. ಬೆಳಗಿನ ಪ್ರಾರ್ಥನೆಯಲ್ಲಿ ವಚನಗಾಯನ ನಡೆಯುವ ಶಾಲೆಗಳಲ್ಲಿ ಅದಾದ ಮೇಲೆ ಐದು ನಿಮಿಷ ಮೌನವಾಗಿ ತಂಬೂರಿಯ ನಾದವನ್ನು ಮಾತ್ರ ಆಲಿಸುವ ಅಭ್ಯಾಸವಾದರೆ, ಆ ಮಕ್ಕಳಲ್ಲಿ ಎಲ್ಲರೂ ಗಾಯಕರಾಗದಿದ್ದರೂ ಎಲ್ಲರೂ ಸಹೃದಯರಾಗುತ್ತಾರೆ. ಸ್ಪರ್ಧೆಯ ಬಹುಮಾನವನ್ನಷ್ಟೇ ಕಂಡು ಬೆಳೆದ ಮಗು ಬಹುಮಾನವಿಲ್ಲದ ದಿನ ಹಾಡುವುದನ್ನು ಬಿಡುತ್ತದೆ. ಈ ಅಪಾಯವನ್ನು ಶಾಲೆಯಲ್ಲಿಯೇ ತಪ್ಪಿಸಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ನಗರಗಳಲ್ಲಿ ನೆಲೆಗೊಂಡಿದ್ದಾರೆ. ಅವರ ಮನೆಯ ಪಡಸಾಲೆಯಲ್ಲಿ ತಿಂಗಳಿಗೊಮ್ಮೆ ಇಪ್ಪತ್ತು ಮಂದಿ ಕುಳಿತು ಒಬ್ಬ ಎಳೆಯ ಗಾಯಕಿಯನ್ನು ಒಂದು ಗಂಟೆ ಕೇಳಿದರೆ, ಅವಳಿಗೆ ಅದು ದೊಡ್ಡ ಸಭೆಗಿಂತ ಹೆಚ್ಚಿನ ಬಲವನ್ನು ಕೊಡುತ್ತದೆ. ಕಚೇರಿ ಮುಗಿದ ಮೇಲೆ ಮನೆಯೂಟ ಬಡಿಸಿ, ಬಸ್ಸಿನ ಖರ್ಚಿಗೆ ಮಿಗುವಷ್ಟು ಸಂಭಾವನೆಯನ್ನು ಎಲೆಯಡಕೆಯಲ್ಲಿಟ್ಟು ಕೊಟ್ಟರೆ ಸಂಪ್ರದಾಯವೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ದಾನಿಗಳಲ್ಲಿ ಮಾಡಿಕೊಳ್ಳುವ ಬಿನ್ನಹವು ಇನ್ನೂ ಸರಳವಾದದ್ದು. ಮಠಗಳು ನಾಡಿಗೆ ಮಾಡಿರುವ ಉಪಕಾರಗಳಲ್ಲಿ ಉಚಿತ ಪ್ರಸಾದನಿಲಯಗಳು ಅಗ್ರಗಣ್ಯವಾದವು. ಅನ್ನ, ಆಶ್ರಯ, ಅಕ್ಷರಗಳ ದಾಸೋಹ ಸಿದ್ಧಗಂಗೆಯಲ್ಲಿಯೂ ಸುತ್ತೂರಿನಲ್ಲಿಯೂ ಧಾರವಾಡದ ಮುರುಘಾಮಠದಲ್ಲಿಯೂ ನಡೆದುಬಂದಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಪುಟ್ಟರಾಜ ಗವಾಯಿಗಳೂ ನಾದದಾಸೋಹವನ್ನು ಅದಕ್ಕೆ ಸೇರಿಸಿದರು. ಕಣ್ಣಿಲ್ಲದ ಮಕ್ಕಳು ಅಲ್ಲಿ ಉಂಡು, ಹಾಡಿ, ಬದುಕು ಕಟ್ಟಿಕೊಂಡರು. ಆ ಮಾರ್ಗದಲ್ಲಿ ಇನ್ನೊಂದು ಹೆಜ್ಜೆಯಿಡಬೇಕಾಗಿದೆ. ನಗರಗಳಲ್ಲಿರುವ ಪ್ರತಿಯೊಂದು ವಿದ್ಯಾರ್ಥಿನಿಲಯದಲ್ಲಿಯೂ ದನಿ ಹೊರಗೆ ಹೋಗದಂತೆ ಕಟ್ಟಿದ ಒಂದೇ ಒಂದು ಕೋಣೆ, ಅದರಲ್ಲಿ ಎರಡು ತಂಬೂರಿ, ಒಂದು ಚಾಪೆ, ಬೆಳಗ್ಗೆ 5ರಿಂದ 7ರವರೆಗೆ ಜಾತಿ ಮತ ಕೇಳದೆ ಯಾವ ಸಂಗೀತ ವಿದ್ಯಾರ್ಥಿಗಾದರೂ ಪ್ರವೇಶ. ಇದಕ್ಕೆ ಬೇಕಾಗುವ ವೆಚ್ಚ ಒಂದು ಸಭಾಭವನದ ವೆಚ್ಚದ ಮುಂದೆ ಅತ್ಯಲ್ಪ. ಫಲಕದ ಮೇಲೆ ದಾನಿಯ ಹೆಸರನ್ನು ಕೆತ್ತಿಸಲು ಗೋಡೆಯೂ ಚಿಕ್ಕದೇ. ಆದರೆ ದಿನವೂ ಅಲ್ಲಿಂದ ಏಳುವ ಷಡ್ಜವು ಫಲಕಕ್ಕಿಂತ ದೀರ್ಘಕಾಲ ಆ ಹೆಸರನ್ನು ಹೇಳುತ್ತದೆ.

ಕೊನೆಯದಾಗಿ ತಂದೆತಾಯಿಗಳಿಗೆ ಒಂದು ಮಾತು. ಬೆಳ್ಳಾರೆಯ ಮನೆಯಿಂದ ನಗರಕ್ಕೆ ದೂರವಾಣಿ ಹೋದಾಗ, "ಕಚೇರಿ ಯಾವಾಗ ಮಗಾ? ಟೀವಿಯಲ್ಲಿ ಯಾವಾಗ ಬರ್ತೀ?" ಎಂದು ಕೇಳುವುದು ವಾಡಿಕೆ. ಪ್ರೀತಿಯಿಂದ ಕೇಳಿದ ಈ ಪ್ರಶ್ನೆ, ಉತ್ತರವಿಲ್ಲದ ಮಗಳ ಎದೆಯಲ್ಲಿ ಮುಳ್ಳಾಗಿ ನಿಲ್ಲುತ್ತದೆ. ಅದಕ್ಕೆ ಬದಲಾಗಿ, "ಊಟ ಆಯ್ತಾ? ಇವತ್ತು ಏನು ಹಾಡಿದೆ, ಏನು ಕೇಳಿದೆ?" ಎಂದು ಕೇಳಿದರೆ ಸಾಕು. ಆ ಪ್ರಶ್ನೆಗೆ ಅವಳಲ್ಲಿ ದಿನವೂ ಉತ್ತರವಿರುತ್ತದೆ. ಉತ್ತರವಿರಲೆಂದೇ ಅವಳು ಮರುದಿನ ಏನಾದರೊಂದನ್ನು ಹಾಡುತ್ತಾಳೆ, ಕೇಳುತ್ತಾಳೆ. ದೂರದಲ್ಲಿರುವವರು ಮಾಡಬಹುದಾದ ದಾಸೋಹಗಳಲ್ಲಿ ಇದಕ್ಕೆ ಕಾಸೂ ಬೇಡ.

ನಗರವು ನಾದದ ಶತ್ರುವಲ್ಲ. ಕಲ್ಯಾಣದಲ್ಲಿ ಕಿನ್ನರಿಗೆ ಎಡೆಯಿತ್ತು. ಮುಂಬಯಿ, ಮದರಾಸು, ಬೆಂಗಳೂರುಗಳೂ ಎಡೆ ಕೊಟ್ಟಿವೆ. ಗುರುವೂ ವೇದಿಕೆಯೂ ಅಲ್ಲಿ ದೊರೆಯುತ್ತವೆ. ದೊರೆಯದೆ ಹೋಗುವುದು ನಸುಕಿನ ಎರಡು ಗಂಟೆ, ಒಂದು ಚಾಪೆಯ ಜಾಗ, ಕೇಳುವ ನಾಲ್ಕು ಕಿವಿ. ಇಷ್ಟನ್ನು ಒದಗಿಸಿದರೆ ಉಳಿದುದನ್ನು ಮಕ್ಕಳು ತಾವೇ ಆಯ್ದುಕೊಳ್ಳುತ್ತಾರೆ. ಮಠದ ಮಕ್ಕಳ ಕಂಠದಲ್ಲಿ ನಾದವೂ ಮನೆಗಳಲ್ಲಿ ಶ್ರೋತೃಗಳೂ ಹೆಚ್ಚಲಿ. ದಾನಿಗಳ ಕೈಗೆ ಬಲವೂ ಮನಸ್ಸಿಗೆ ಈ ಚಿಕ್ಕ ಕೆಲಸದ ನೆನಪೂ ಇರಲಿ.